ಗೋವೆಯ ಉಪ್ಪುನೀರಿನಲ್ಲಿ ಚಿಕ್ಕ ಚಿನ್ನ ಹುಡುಕಲು ಯಾವ ಮೆಟಲ್ ಡಿಟೆಕ್ಟರ್ ಸರಿ?

ನೀರಿನಲ್ಲಿ ಮುಳುಗಿಸಿದರೂ ಕೆಡದ ಮೆಟಲ್ ಡಿಟೆಕ್ಟರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ ಎರಡು ಅಂಕಿಗಳನ್ನು ನೋಡುತ್ತಾರೆ. ಯಂತ್ರ ಎಷ್ಟು ಮೀಟರ್ ನೀರನ್ನು ತಡೆದೀತು ಎಂಬುದು ಒಂದು, ಎಷ್ಟು ಆಳದ ಲೋಹವನ್ನು ಗುರುತಿಸೀತು ಎಂಬುದು ಇನ್ನೊಂದು. ಆದರೆ ಹುಡುಕಬೇಕಾದದ್ದು ಓಲೆಯ ತಿರುಪು, ಮೂಗುಬೊಟ್ಟು, ತಾಳಿಯ ಗುಂಡು, ಹರಿದ ಸರದ ತುಂಡು ಇಂಥ ಚಿಕ್ಕ ಚಿನ್ನವಾಗಿದ್ದು, ಹುಡುಕುವ ಜಾಗ ಗೋವೆಯ ಕಡಲತೀರವಾಗಿದ್ದರೆ ಈ ಎರಡು ಅಂಕಿಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಲ್ಲಿ ನಿರ್ಣಾಯಕವಾಗುವುದು ಯಂತ್ರವು ಉಪ್ಪನ್ನು ಹೇಗೆ ನಿಭಾಯಿಸುತ್ತದೆ ಎಂಬ ಸಂಗತಿ, ಮತ್ತು ಅದನ್ನು ಯಾವ ಕಂಪನಿಯೂ ಪೆಟ್ಟಿಗೆಯ ಮೇಲೆ ಒಂದು ಅಂಕಿಯಾಗಿ ಅಚ್ಚು ಹಾಕುವುದಿಲ್ಲ.

ವಾಸ್ಕೊ, ಝುವಾರಿನಗರ, ಮಡಗಾಂವ್, ಮಾಪುಸಾಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ವಿಷಯ ದೂರದ್ದೇನಲ್ಲ. ಊರಿನಿಂದ ನೆಂಟರು ಬಂದರೆ ಬೈನಾ, ಬೊಗ್ಮಾಳೊ, ಮಿರಾಮಾರ್ ಅಥವಾ ಕೋಲ್ವಾ ತೀರಕ್ಕೆ ಕರೆದೊಯ್ಯುವುದು ವಾಡಿಕೆ. ವಿಜಯಪುರ, ಬಾಗಲಕೋಟೆ, ಗದಗದ ಕಡೆಯಿಂದ ಬಂದವರು ಮೈಮೇಲಿನ ಒಡವೆಯನ್ನು ತೆಗೆಯದೆಯೇ ಮೊಣಕಾಲುದ್ದದ ನೀರಿಗೆ ಇಳಿಯುವುದೂ ಅಷ್ಟೇ ಸಹಜ. ಒಂದು ಅಲೆ ಹೊಡೆದು ಹಿಂದೆ ಸರಿಯುವಷ್ಟರಲ್ಲಿ ಕಿವಿಯ ಬೆಂಡೋಲೆ ಮರಳಿನ ಪಾಲಾಗಿರುತ್ತದೆ. ಹಾಗೆ ಕಳೆದದ್ದನ್ನು ಹುಡುಕಿಕೊಡುವ ಉದ್ದೇಶದವರಿಗೂ, ಇದನ್ನು ಹವ್ಯಾಸವಾಗಿ ಹಿಡಿಯಬೇಕೆನ್ನುವವರಿಗೂ ಯಾವ ಯಂತ್ರ ಒಗ್ಗುತ್ತದೆ ಎಂಬುದನ್ನು ಇಲ್ಲಿ ಹೋಲಿಸಿ ನೋಡಲಾಗಿದೆ.

ಯಂತ್ರಕ್ಕೆ ಚಿನ್ನ ಕಾಣುವ ಬಗೆ

ಡಿಟೆಕ್ಟರಿನ ಕಾಯಿಲ್, ಅಂದರೆ ಕೋಲಿನ ತುದಿಯಲ್ಲಿರುವ ತಂತಿ ಸುತ್ತಿದ ತಟ್ಟೆ, ಬದಲಾಗುತ್ತಲೇ ಇರುವ ಕಾಂತಕ್ಷೇತ್ರವನ್ನು ನೆಲಕ್ಕೆ ಇಳಿಸುತ್ತದೆ. ಆ ಕ್ಷೇತ್ರ ಲೋಹವನ್ನು ಮುಟ್ಟಿದಾಗ ಲೋಹದೊಳಗೆ ಸುಳಿಯಂತೆ ಸುತ್ತುವ ವಿದ್ಯುತ್ಪ್ರವಾಹ ಹುಟ್ಟುತ್ತದೆ. ಆ ಪ್ರವಾಹ ಹುಟ್ಟಿಸುವ ಕ್ಷೀಣವಾದ ಕಾಂತಕ್ಷೇತ್ರವನ್ನು ಕಾಯಿಲ್ ಮತ್ತೆ ಹಿಡಿದುಕೊಳ್ಳುತ್ತದೆ. ಹೀಗಾಗಿ ಯಂತ್ರಕ್ಕೆ ಮುಖ್ಯವಾಗುವುದು ಒಡವೆಯ ತೂಕಕ್ಕಿಂತ ಹೆಚ್ಚಾಗಿ ಅದರೊಳಗೆ ಪ್ರವಾಹ ತಡೆಯಿಲ್ಲದೆ ಸುತ್ತಬಲ್ಲ ವಿಸ್ತಾರ. ಬೆಸುಗೆ ಬಿಡದ ಉಂಗುರವೊಂದು, ತನಗಿಂತ ಎಷ್ಟೋ ಹೆಚ್ಚು ತೂಗುವ ಸಣ್ಣ ಕೊಂಡಿಗಳ ಸರಕ್ಕಿಂತ ಜೋರಾಗಿ ಸದ್ದು ಮಾಡುವುದು ಇದೇ ಕಾರಣಕ್ಕೆ. ಸರವನ್ನು ಯಂತ್ರ ಇಡಿಯಾಗಿ ಕಾಣುವುದಿಲ್ಲ. ಕೊಂಡಿ ಕೊಂಡಿಯನ್ನೂ ಬೇರೆ ಬೇರೆಯಾಗಿ, ಒಂದೊಂದನ್ನೂ ಅತಿ ಕಿರಿದಾದ ವಸ್ತುವಾಗಿ ಕಾಣುತ್ತದೆ. ಎಷ್ಟೋ ಸಲ ಸರ ಸಿಗುವುದು ಅದರ ಕೊಕ್ಕೆಯಿಂದ ಅಥವಾ ಪದಕದಿಂದ. ಬಿರುಕು ಬಿಟ್ಟ ಉಂಗುರದ ಸದ್ದೂ ಹೀಗೆಯೇ ಕುಗ್ಗುತ್ತದೆ. ಒಳಗೆ ಅರಗು ತುಂಬಿದ, ತೆಳು ಹಾಳೆಯಿಂದ ಮಾಡಿದ ಬೋರಮಾಳ ಸರದ ಗುಂಡುಗಳು ನೋಡಲು ದಪ್ಪವಾಗಿದ್ದರೂ ಅವುಗಳಲ್ಲಿರುವ ಲೋಹ ಅಲ್ಪವೆಂಬುದನ್ನು ನೆನಪಿಡಬೇಕು.

ಇದಕ್ಕೆ ಮಿಶ್ರಲೋಹದ ಮಾತೂ ಸೇರುತ್ತದೆ. ಅಪ್ಪಟ ಚಿನ್ನ ಒಳ್ಳೆಯ ವಿದ್ಯುದ್ವಾಹಕ, ಆದರೆ ತಾಮ್ರ, ಬೆಳ್ಳಿ ಬೆರೆಸಿದ ಕೂಡಲೇ ಅದರ ವಾಹಕತೆ ಗಣನೀಯವಾಗಿ ತಗ್ಗುತ್ತದೆ. ನಮ್ಮ ಮನೆಗಳ 22 ಕ್ಯಾರೆಟ್ ಒಡವೆಯಲ್ಲಿ 91.6 ಶೇಕಡಾ ಚಿನ್ನವಿದ್ದರೆ, ವಜ್ರ ಕೂರಿಸುವ 18 ಕ್ಯಾರೆಟ್‌ನಲ್ಲಿ 75 ಶೇಕಡಾ ಮಾತ್ರ ಇರುತ್ತದೆ. ವಿದೇಶಿ ಪ್ರವಾಸಿಗರ ಮೈಮೇಲೆ 14 ಕ್ಯಾರೆಟ್ ಕೂಡ ಸಾಮಾನ್ಯ, ಪೋರ್ಚುಗಲ್ಲಿನ ಸಾಂಪ್ರದಾಯಿಕ ಮಟ್ಟವಂತೂ 19.2 ಕ್ಯಾರೆಟ್. ಹೀಗೆ ಬೆರಕೆ, ಗಾತ್ರ, ಆಕಾರ ಮೂರೂ ಸೇರಿ ಚಿಕ್ಕ ಚಿನ್ನವನ್ನು, ಲೋಹಕ್ಕೆ ತಕ್ಕಂತೆ ಯಂತ್ರದ ಪರದೆಯಲ್ಲಿ ಮೂಡುವ ಸಂಖ್ಯೆಗಳಲ್ಲಿ, ಅತ್ಯಂತ ಕೆಳಗಿನ ಸಾಲಿಗೆ ತಳ್ಳುತ್ತವೆ. ಆ ಸಾಲಿನಲ್ಲಿ ಅದಕ್ಕೆ ನೆರೆಹೊರೆಯಾಗಿ ಇರುವುದು ಸಿಗರೇಟು ಪೊಟ್ಟಣದ ಬೇಗಡೆ, ಮಾತ್ರೆಯ ಸ್ಟ್ರಿಪ್ಪಿನ ಚೂರು ಮತ್ತು ಬಿಯರ್ ಡಬ್ಬಿಯ ಎಳೆಯುವ ಬಳೆ. ಕಲಂಗುಟ್, ಬಾಗಾಗಳ ಒಣ ಮರಳಿನಲ್ಲಿ ಈ ನೆರೆಹೊರೆಯೇ ಹೆಚ್ಚು. ಅಲ್ಯೂಮಿನಿಯಂ ಬೇಡವೆಂದು ಯಂತ್ರಕ್ಕೆ ಹೇಳಿದರೆ ಅದು ಮೂಗುಬೊಟ್ಟನ್ನೂ ಬೇಡವೆಂದೇ ಬಿಟ್ಟುಬಿಡುತ್ತದೆ. ಚಿಕ್ಕ ಚಿನ್ನ ಬೇಕೆನ್ನುವವರು ಕಸವನ್ನೂ ಅಗೆಯಲೇಬೇಕು. ಇದಕ್ಕೆ ಪರಿಹಾರ ಕೊಡುವ ಯಂತ್ರ ಇದುವರೆಗೆ ಯಾವ ಬೆಲೆಗೂ ಬಂದಿಲ್ಲ.

ಉಪ್ಪಿನ ತೊಡಕು

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಕರಗಿರುತ್ತದೆ, ಆ ಕಾರಣಕ್ಕೆ ಸಮುದ್ರದ ನೀರು ತಾನೇ ವಿದ್ಯುದ್ವಾಹಕ. ಚಿನ್ನದೊಂದಿಗೆ ಹೋಲಿಸಿದರೆ ಅದು ಹಲವು ಲಕ್ಷ ಪಟ್ಟು ದುರ್ಬಲ ವಾಹಕವೆಂಬುದು ನಿಜವಾದರೂ ಕಾಯಿಲಿನ ಕೆಳಗೆ ತಿರುಪಿನಷ್ಟು ಚಿನ್ನವಿರುವಾಗ ಬಕೆಟ್‌ಗಟ್ಟಲೆ ನೀರು ಇರುತ್ತದೆ. ಅಷ್ಟೂ ನೀರು ಒಟ್ಟಾಗಿ ಕೊಡುವ ಸಂಕೇತ, ಚಿಕ್ಕ ಚಿನ್ನ ಕೊಡುವ ಸಂಕೇತದ ಆಸುಪಾಸಿನಲ್ಲೇ ಬಂದು ಕೂರುತ್ತದೆ.

ಇಲ್ಲಿಯೇ ಕೊಳ್ಳುವವರ ಎಲ್ಲ ಗೊಂದಲಗಳ ಬುಡವಿದೆ. ಯಂತ್ರದ ಆವರ್ತನ, ಅಂದರೆ ಫ್ರೀಕ್ವೆನ್ಸಿ, ಏರಿದಷ್ಟೂ ಕಿರಿದಾದ, ದುರ್ಬಲ ವಾಹಕಗಳು ಸ್ಪಷ್ಟವಾಗಿ ಕಾಣುತ್ತವೆ. ಆದ್ದರಿಂದಲೇ ಗಣಿನಾಡುಗಳಲ್ಲಿ ಚಿನ್ನದ ಹರಳು ಹುಡುಕುವ ಯಂತ್ರಗಳು 45, 61, 71 ಕಿಲೋಹರ್ಟ್ಸ್‌ನಂತಹ ಎತ್ತರದ ಆವರ್ತನಗಳಲ್ಲಿ ಕೆಲಸ ಮಾಡುತ್ತವೆ. ಆದರೆ ಆವರ್ತನ ಏರಿದಷ್ಟೂ ಉಪ್ಪುನೀರಿನ ಗದ್ದಲವೂ ಏರುತ್ತದೆ. ಆವರ್ತನ ಇಳಿಸಿದರೆ ಸಮುದ್ರ ಸುಮ್ಮನಾಗುತ್ತದೆ, ಜೊತೆಗೆ ಮೂಗುಬೊಟ್ಟೂ ಸುಮ್ಮನಾಗುತ್ತದೆ. ಚಿನ್ನಕ್ಕೆಂದೇ ಮಾಡಿದ ಯಂತ್ರ ಕಡಲಿಗೆ ಒಗ್ಗದಿರುವುದೂ, ಕಡಲಿಗೆಂದೇ ಮಾಡಿದ ಯಂತ್ರ ಚಿಕ್ಕ ಚಿನ್ನವನ್ನು ಬಿಟ್ಟುಬಿಡುವುದೂ ಈ ಒಂದೇ ಕಾರಣದಿಂದ. ಅಂಗಡಿಯವನು ಇವೆರಡರಲ್ಲಿ ಯಾವುದನ್ನು ತೋರಿಸಿ ಹೊಗಳಿದರೂ ಇನ್ನೊಂದನ್ನು ಕೇಳಬೇಕಾದದ್ದು ನಾವೇ.

ಈ ತೊಡಕಿಗೆ ತಯಾರಕರು ಕಂಡುಕೊಂಡ ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು ಹಲವು ಆವರ್ತನಗಳನ್ನು ಏಕಕಾಲಕ್ಕೆ ಕಳುಹಿಸಿ, ಬಂದ ಉತ್ತರಗಳನ್ನು ಒಂದರೊಡನೊಂದು ಹೋಲಿಸುವುದು. ಉಪ್ಪುನೀರು ಬೇರೆ ಬೇರೆ ಆವರ್ತನಗಳಿಗೆ ಉತ್ತರಿಸುವುದರಲ್ಲಿ ಒಂದು ನಿಯತ ಕ್ರಮವಿರುತ್ತದೆ. ಆ ಕ್ರಮವನ್ನು ಗುರುತಿಸಿ ಕಳೆದುಬಿಟ್ಟರೆ ಉಳಿದದ್ದು ಲೋಹದ ಮಾತು. ಉಪ್ಪನ್ನು ತೀರ ಹೋಲುವಷ್ಟು ಕಿರಿದಾದ ಚಿನ್ನ ಈ ಕಳೆಯುವ ಲೆಕ್ಕದಲ್ಲಿ ತಾನೂ ಕಳೆದುಹೋಗುತ್ತದೆ ಎಂಬುದು ಇದರ ಮಿತಿ. ಎರಡನೆಯದು ಪಲ್ಸ್ ಇಂಡಕ್ಷನ್. ಇದರಲ್ಲಿ ಕಾಯಿಲಿಗೆ ಕ್ಷಣಿಕವಾಗಿ ವಿದ್ಯುತ್ ಹರಿಸಿ ನಿಲ್ಲಿಸುತ್ತಾರೆ, ಆಮೇಲೆ ಎಷ್ಟೋ ಮೈಕ್ರೋಸೆಕೆಂಡ್ ಕಾದು ನೆಲದಲ್ಲಿ ಉಳಿದ ಪ್ರವಾಹ ಹೇಗೆ ನಂದುತ್ತದೆ ಎಂದು ಆಲಿಸುತ್ತಾರೆ. ಉಪ್ಪುನೀರಿನ ಪ್ರವಾಹ ಬಹುಬೇಗ ನಂದುವುದರಿಂದ ತುಸು ಕಾದರೆ ಸಾಕು, ಸಮುದ್ರವೂ ಕಬ್ಬಿಣದ ಅಂಶವಿರುವ ಕರಿಮರಳೂ ಮೌನವಾಗುತ್ತವೆ. ಆದರೆ ತೆಳುವಾದ ಚಿನ್ನವೂ ಬಹುಬೇಗ ನಂದುತ್ತದೆ. ಹೆಚ್ಚು ಕಾದರೆ ದಪ್ಪ ಉಂಗುರ ಉಳಿಯುತ್ತದೆ, ಓಲೆಯ ತಿರುಪು ಹೋಗುತ್ತದೆ. ತೊಡಕು ಬೇರೆ ವೇಷದಲ್ಲಿ ಮತ್ತೆ ಎದುರಾಯಿತೆಂದೇ ಹೇಳಬೇಕು.

ನೀರು ತಡೆಯುವ ದರ್ಜೆ

ಮಾರಾಟಕ್ಕಿರುವ ಯಂತ್ರಗಳಲ್ಲಿ ಮೂರು ದರ್ಜೆಗಳಿವೆ. ಕೆಲವದರಲ್ಲಿ ಕಾಯಿಲ್ ಮಾತ್ರ ನೀರಿಗೆ ಇಳಿಯಬಲ್ಲದು, ಕೋಲಿನ ಮೇಲ್ತುದಿಯ ನಿಯಂತ್ರಣ ಪೆಟ್ಟಿಗೆ ಇಳಿಯಲಾರದು. ಚಿಕ್ಕ ಚಿನ್ನಕ್ಕೆ ಹೆಸರಾದ ಫಿಶರ್ ಗೋಲ್ಡ್ ಬಗ್ 2 ಮತ್ತು ಮೈನ್‌ಲ್ಯಾಬ್ ಗೋಲ್ಡ್ ಮಾನ್‌ಸ್ಟರ್ 1000 ಈ ದರ್ಜೆಗೆ ಸೇರಿದವು. ಒಂದೇ ಒಂದು ದೊಡ್ಡ ಅಲೆ ಅವುಗಳ ಆಯುಷ್ಯವನ್ನು ಮುಗಿಸಬಲ್ಲದು. ಎರಡನೆಯ ದರ್ಜೆಯವು ಇಡಿಯಾಗಿ 3ರಿಂದ 5 ಮೀಟರ್‌ವರೆಗೆ ಮುಳುಗಬಲ್ಲವು. ಮೂರನೆಯ ದರ್ಜೆಯವು ಡೈವಿಂಗಿಗೆ ಮಾಡಿದವು: ಫ್ರಾನ್ಸಿನ ಎಕ್ಸ್‌ಪಿ ಡಿಯಸ್ 2 ಯಂತ್ರಕ್ಕೆ 20 ಮೀಟರ್, ಗ್ಯಾರೆಟ್ ಸೀ ಹಂಟರ್ ಮಾರ್ಕ್ 2 ಹಾಗೂ ಮೈನ್‌ಲ್ಯಾಬ್ ಎಕ್ಸ್‌ಕ್ಯಾಲಿಬರ್ 2 ಯಂತ್ರಗಳಿಗೆ 200 ಅಡಿಗಳ ಮಿತಿಯಿದೆ.

ಸೊಂಟದಾಳದ ನೀರಿನಲ್ಲಿ ನಿಂತು ಹುಡುಕುವವರಿಗೆ ಎರಡನೆಯ ದರ್ಜೆ ಧಾರಾಳವಾಗಿ ಸಾಕಾಗುತ್ತದೆ, ಅಲ್ಲಿ 3 ಮೀಟರ್‌ಗೂ 5 ಮೀಟರ್‌ಗೂ ಇರುವ ವ್ಯತ್ಯಾಸಕ್ಕಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ಆದರೆ ಹೆಡ್‌ಫೋನಿನ ವಿಚಾರದಲ್ಲಿ ಎಚ್ಚರ ಬೇಕು. ನಿಸ್ತಂತು ಸಂಕೇತ ನೀರಿನಲ್ಲಿ ಹರಿಯುವುದಿಲ್ಲವಾದ್ದರಿಂದ ಪೆಟ್ಟಿಗೆ ಮುಳುಗಿದ ಕೂಡಲೇ ಬ್ಲೂಟೂತ್ ಹೆಡ್‌ಫೋನ್ ಸ್ತಬ್ಧವಾಗುತ್ತದೆ. ತಲೆ ಮುಳುಗಿಸುವವರು ನೀರು ತಡೆಯುವ ತಂತಿಯ ಹೆಡ್‌ಫೋನನ್ನು ಬೇರೆಯಾಗಿ ಕೊಳ್ಳಬೇಕು. ಡಿಯಸ್ 2ರಲ್ಲಿ ಕಾಯಿಲ್ ಮತ್ತು ಪೆಟ್ಟಿಗೆಯ ನಡುವೆಯೂ ತಂತಿಯಿಲ್ಲ. ಹಾಗಾಗಿ ನೀರಿನೊಳಗೆ ಬಳಸುವಾಗ ಕೋಲಿನುದ್ದಕ್ಕೆ ಒಂದು ಆಂಟೆನಾ ತಂತಿಯನ್ನು ಕಟ್ಟಿಕೊಳ್ಳಬೇಕಾಗುತ್ತದೆ.

ಯಂತ್ರಗಳ ನಡುವೆ

ಏಕ ಆವರ್ತನದ ಯಂತ್ರಗಳಿಂದ ಆರಂಭಿಸೋಣ. ಟರ್ಕಿಯ ನೋಕ್ಟಾ ಕಂಪನಿಯ ಗೋಲ್ಡ್ ಕ್ರೂಸರ್ 61 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, 5 ಮೀಟರ್ ಮುಳುಗುತ್ತದೆ. ಕಾಗದದ ಮೇಲೆ ನೋಡಿದರೆ ‘ಚಿಕ್ಕ ಚಿನ್ನಕ್ಕೆ ಜಲನಿರೋಧಕ ಯಂತ್ರ’ ಎಂಬ ಬೇಡಿಕೆಗೆ ಅದು ಹೇಳಿ ಮಾಡಿಸಿದಂತಿದೆ. ಸಿಹಿನೀರಿನ ಹೊಳೆಯಲ್ಲಿ, ಕೆರೆಯಲ್ಲಿ ಅದು ನಿಜವೂ ಹೌದು. ಕೋಲ್ವಾದ ಒದ್ದೆ ಮರಳಿಗೆ ಅದನ್ನು ಒಯ್ದರೆ ಮಾತ್ರ ಸಂವೇದನೆಯನ್ನು, ಅಂದರೆ ಸೆನ್ಸಿಟಿವಿಟಿಯನ್ನು, ಎಷ್ಟು ಇಳಿಸಬೇಕಾಗುತ್ತದೆಂದರೆ, ಯಾವ ಗುಣಕ್ಕಾಗಿ ಅದನ್ನು ಕೊಂಡೆವೋ ಆ ಗುಣವೇ ಉಳಿಯುವುದಿಲ್ಲ. 18 ಕಿಲೋಹರ್ಟ್ಸ್‌ನ ಗ್ಯಾರೆಟ್ ಎಟಿ ಗೋಲ್ಡ್ ಸುಮಾರು 3 ಮೀಟರ್ ಮುಳುಗುತ್ತದೆ, ಗಟ್ಟಿಮುಟ್ಟಾಗಿದೆ. ಅದರ ಕಥೆಯೂ ಇದೇ, ಸ್ವಲ್ಪ ಸೌಮ್ಯವಾಗಿ. ಕಡಿಮೆ ಬೆಲೆಯ ನೋಕ್ಟಾ ಸಿಂಪ್ಲೆಕ್ಸ್ ಅಲ್ಟ್ರಾ 15 ಕಿಲೋಹರ್ಟ್ಸ್‌ನದು. 5ರಿಂದ 15 ಕಿಲೋಹರ್ಟ್ಸ್‌ವರೆಗಿನ ನಾಲ್ಕು ಆವರ್ತನಗಳಲ್ಲಿ ಒಂದನ್ನು ಆಯ್ದುಕೊಳ್ಳಬಹುದಾದ ಮೈನ್‌ಲ್ಯಾಬ್ ಎಕ್ಸ್-ಟೆರ್ರಾ ಪ್ರೊ ಕೂಡ ಇದೇ ಸಾಲಿನದು. ಇವೆರಡೂ ಒಣ ಮರಳಿನಲ್ಲಿ ಉಂಗುರ, ನಾಣ್ಯಗಳಿಗೆ ಚೆನ್ನಾಗಿವೆ, ಹೊಸಬರ ಕೈ ಪಳಗಲು ಯೋಗ್ಯವಾಗಿವೆ. ಅಲೆ ತೊಳೆಯುವ ಇಳಿಜಾರಿನಲ್ಲಿ ತಿರುಪಿನಂತಹ ವಸ್ತುವನ್ನು ಇವುಗಳಿಂದ ನಿರೀಕ್ಷಿಸಬಾರದು.

ಏಕಕಾಲಕ್ಕೆ ಹಲವು ಆವರ್ತನ ಬಳಸುವ ಯಂತ್ರಗಳೇ ಗೋವೆಗೆ ಸರಿಯಾದ ವರ್ಗ. 2018ರಲ್ಲಿ ಬಂದ ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ಈ ತಂತ್ರವನ್ನು ಸಾಮಾನ್ಯರ ಬೆಲೆಗೆ ಹತ್ತಿರ ತಂದಿತು. ಅದು 3 ಮೀಟರ್‌ನದು, ಅದರ ನಂತರದ 700 ಮತ್ತು 900 ಮಾದರಿಗಳು 5 ಮೀಟರ್‌ನವು. ಈ ಎರಡು ಮಾದರಿಗಳ ನಡುವೆ ಆಯ್ಕೆ ಬಂದಾಗ ಚಿಕ್ಕ ಚಿನ್ನದ ಮಟ್ಟಿಗೆ 900 ಸ್ಪಷ್ಟವಾಗಿ ಮೇಲು, ಏಕೆಂದರೆ ಅದರ ಪೆಟ್ಟಿಗೆಯಲ್ಲಿ 11 ಇಂಚಿನ ಕಾಯಿಲಿನೊಂದಿಗೆ 6 ಇಂಚಿನ ಚಿಕ್ಕ ಕಾಯಿಲೂ ಇರುತ್ತದೆ, 20 ಹಾಗೂ 40 ಕಿಲೋಹರ್ಟ್ಸ್‌ಗಳೂ ಗೋಲ್ಡ್ ಮೋಡ್ ಕೂಡ ಇವೆ. ಆದರೆ ಗೋಲ್ಡ್ ಮೋಡ್ ಎಂಬ ಹೆಸರಿಗೆ ಮರುಳಾಗಿ ಅದನ್ನು ಕಡಲಿನಲ್ಲಿ ಬಳಸಬಾರದು. ಅದು ಗಣಿನಾಡಿನ ಒಣ ನೆಲಕ್ಕಾಗಿ ಇರುವುದು. ಒದ್ದೆ ಮರಳಿಗೆ ಬೀಚ್ ಮೋಡ್‌ಗಳೇ ಸರಿ, ಅಲೆಯ ನಡುವೆ ಹಾಗೂ ನೀರಿನೊಳಗೆ ಎರಡನೆಯ ಬೀಚ್ ಮೋಡ್ ಇನ್ನೂ ಶಾಂತ.

ನೋಕ್ಟಾ ಲೆಜೆಂಡ್ ಇದಕ್ಕೆ ಕಡಿಮೆ ಬೆಲೆಯ ನೇರ ಪ್ರತಿಸ್ಪರ್ಧಿ. ಒದ್ದೆ ಮರಳಿಗೂ ಒಣ ಮರಳಿಗೂ ಬೇರೆ ಬೇರೆ ಬಹು ಆವರ್ತನ ಆಯ್ಕೆಗಳನ್ನು ಅದು ಕೊಡುತ್ತದೆ. ಬೆಳಗಿನ ಇಳಿತದಲ್ಲಿ ಒಂದೇ ತೀರದ ಎರಡೂ ಭಾಗಗಳನ್ನು ನೋಡುವವರಿಗೆ ಇದು ನಿತ್ಯ ಉಪಯೋಗಕ್ಕೆ ಬರುವ ಸೌಲಭ್ಯ. ಅದಕ್ಕೂ 6 ಇಂಚಿನ ಕಾಯಿಲ್ ದೊರೆಯುತ್ತದೆ. ಉಳಿದ ಹಣವನ್ನು ಚಿಕ್ಕ ಕಾಯಿಲಿಗೂ ಒಳ್ಳೆಯ ಜರಡಿ ಸಲಿಕೆಗೂ ಹಾಕಬಹುದಾದ್ದರಿಂದ ಮೊದಲ ಗಂಭೀರ ಯಂತ್ರವಾಗಿ ನನ್ನ ಒಲವು ಇದರ ಕಡೆಗಿದೆ. ಡಿಯಸ್ 2 ಒಂದು ಕಿಲೋಗಿಂತ ಕಡಿಮೆ ತೂಗುತ್ತದೆ. ಗಂಟೆಗಟ್ಟಲೆ ತೋಳು ಬೀಸುವವರಿಗೆ ಅದರ ಬೆಲೆ ಭುಜದ ನೋವಿನ ಉಳಿತಾಯದಲ್ಲಿ ಹಿಂತಿರುಗುತ್ತದೆ. ಕಡಲಿಗೆ ಮೀಸಲಾದ ಪ್ರೋಗ್ರಾಂಗಳೂ ಅದರಲ್ಲಿ ಒಂದಕ್ಕಿಂತ ಹೆಚ್ಚು. ಮೈನ್‌ಲ್ಯಾಬ್ ಮ್ಯಾಂಟಿಕೋರ್ ಇನ್ನೂ ಮೇಲಿನ ಬೆಲೆಯದು; ಆದರೆ ಈಕ್ವಿನಾಕ್ಸ್ 900ಕ್ಕೆ ಹೋಲಿಸಿದಾಗ ಮೂಗುಬೊಟ್ಟಿನ ಮಟ್ಟಿಗೆ ಸಿಗುವ ಲಾಭ ಆ ಬೆಲೆಯ ಅಂತರಕ್ಕೆ ತಕ್ಕಷ್ಟು ದೊಡ್ಡದೆಂದು ನನಗೆ ಅನ್ನಿಸುವುದಿಲ್ಲ.

ಎಕ್ಸ್‌ಕ್ಯಾಲಿಬರ್ 2 ಹಳೆಯ ತಲೆಮಾರಿನ ಬಹು ಆವರ್ತನ ಯಂತ್ರ. ಪರದೆಯಿಲ್ಲ, ಎಲ್ಲವೂ ಕಿವಿಯ ಕೆಲಸ. ಉಪ್ಪುನೀರಿನಲ್ಲಿ ಅದರ ಸ್ಥಿರತೆಗೆ ಇಂದಿಗೂ ಮೆಚ್ಚುಗೆಯಿದೆ, ದಪ್ಪ ಉಂಗುರಗಳಿಗೆ ಅದು ನಂಬಿಕಸ್ತ. ತೆಳುಸರ ಮತ್ತು ತಿರುಪುಗಳಿಗೆ ಹೊಸ ಯಂತ್ರಗಳೇ ಚುರುಕು.

ಪಲ್ಸ್ ಇಂಡಕ್ಷನ್ ವರ್ಗದಲ್ಲಿ ಎರಡು ತೀರ ಭಿನ್ನವಾದ ಯಂತ್ರಗಳನ್ನು ಒಟ್ಟಿಗೆ ನೋಡಿದರೆ ವಿಷಯ ತಿಳಿಯಾಗುತ್ತದೆ. ಸೀ ಹಂಟರ್ ಮಾರ್ಕ್ 2 ಡೈವಿಂಗಿನ ಯಂತ್ರ. ಕರಿಮರಳಿದ್ದರೂ ಉಪ್ಪಿದ್ದರೂ ಅದು ಗದ್ದಲ ಮಾಡುವುದಿಲ್ಲ, ಆದರೆ ಚಿಕ್ಕ ಚಿನ್ನ ಅದರ ಬಲವಲ್ಲ. ಮೈನ್‌ಲ್ಯಾಬ್ ಎಸ್‌ಡಿಸಿ 2300 ಇದಕ್ಕೆ ವಿರುದ್ಧ: ಖನಿಜ ತುಂಬಿದ ಗಣಿನಾಡಿನ ನೆಲದಲ್ಲಿ ಅಕ್ಕಿಕಾಳಿಗಿಂತ ಕಿರಿದಾದ ಚಿನ್ನ ಹುಡುಕಲೆಂದೇ ರೂಪಿಸಿದ್ದು, ಮಡಚಿಡಬಹುದು, 3 ಮೀಟರ್ ಮುಳುಗುತ್ತದೆ. ಅದು ಇತರ ಪಲ್ಸ್ ಯಂತ್ರಗಳಿಗಿಂತ ಬೇಗ ಆಲಿಸತೊಡಗುತ್ತದೆ, ಆದ್ದರಿಂದಲೇ ಕಿರಿದಾದ ಚಿನ್ನ ಅದಕ್ಕೆ ಕೇಳಿಸುತ್ತದೆ; ಅದೇ ಕಾರಣಕ್ಕೆ ಕಡಲಿನಲ್ಲಿ ಉಪ್ಪೂ ಕೇಳಿಸುವುದರಿಂದ ಸಂವೇದನೆಯನ್ನು ತಗ್ಗಿಸಿ ಬಳಸಬೇಕಾಗುತ್ತದೆ. ಬೆಲೆ ಲೆಜೆಂಡಿನ ಹಲವು ಪಟ್ಟು, ತೂಕ ಎರಡು ಕಿಲೋ ಮೀರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪಲ್ಸ್ ಯಂತ್ರಗಳು ಕಬ್ಬಿಣವನ್ನೂ ಚಿನ್ನವನ್ನೂ ನಂಬಿಕೆಗೆ ಅರ್ಹವಾಗಿ ಬೇರ್ಪಡಿಸಲಾರವು. ಶ್ಯಾಕ್‌ಗಳ (ತೀರದ ಚಪ್ಪರದ ಹೋಟೆಲುಗಳ) ಸಾಲಿರುವ ತೀರದಲ್ಲಿ ಬಿಯರ್ ಬಾಟಲಿಯ ಬಿರಡೆ, ಮೊಳೆ, ಕೂದಲಿನ ಪಿನ್ನು, ದೋಣಿಯ ತುಕ್ಕುಚೂರು ಒಂದೊಂದನ್ನೂ ಅಗೆದು ನೋಡುವ ತಾಳ್ಮೆ ಇದ್ದವರಿಗಷ್ಟೇ ಅದು ತಕ್ಕದ್ದು.

ಕಾಯಿಲಿನ ಗಾತ್ರ ಮತ್ತು ನಮ್ಮ ಮರಳು

ಯಂತ್ರಕ್ಕಿಂತ ಕಾಯಿಲಿನ ಆಯ್ಕೆಯಲ್ಲಿ ಹೆಚ್ಚು ಜನ ಎಡವುತ್ತಾರೆ. ದೊಡ್ಡ ಕಾಯಿಲ್ ಹೆಚ್ಚು ಜಾಗವನ್ನು ಆವರಿಸುತ್ತದೆ, ದೊಡ್ಡ ವಸ್ತುವನ್ನು ಹೆಚ್ಚು ಆಳದಲ್ಲಿ ಕಾಣುತ್ತದೆ. ಹಾಗೆಯೇ ಹೆಚ್ಚು ಉಪ್ಪುನೀರನ್ನೂ ಹೆಚ್ಚು ಕಸವನ್ನೂ ಕಾಣುತ್ತದೆ. ಚಿಕ್ಕ ಕಾಯಿಲಿನಲ್ಲಿ ಕ್ಷೇತ್ರ ಒತ್ತಾಗಿರುವುದರಿಂದ ಕೆಲವೇ ಇಂಚು ಆಳದ ತಿರುಪು ಸ್ಪಷ್ಟವಾಗಿ ಕೇಳುತ್ತದೆ. ಕಳೆದ ಜಾಗ ಇಂಥದ್ದೇ ಎಂದು ಗೊತ್ತಿದ್ದಾಗ 6 ಇಂಚಿನ ಕಾಯಿಲಿಗೆ ಸಾಟಿಯಿಲ್ಲ. ಇಡೀ ತೀರವನ್ನು ಅಳೆಯಲು ಹೊರಟವರಿಗೆ ಅದು ಬಹಳ ನಿಧಾನವೆನಿಸುತ್ತದೆ, ಅಲ್ಲಿ 9 ಅಥವಾ 11 ಇಂಚು ಸರಿ. ಯಾವ ಕಾಯಿಲಾದರೂ ಅದನ್ನು ಮರಳಿಗೆ ಸಮಾಂತರವಾಗಿ, ಒಂದೇ ಎತ್ತರದಲ್ಲಿ, ನಿಧಾನವಾಗಿ ಬೀಸಬೇಕು. ಎತ್ತರ ಬದಲಾದಂತೆಲ್ಲ ಉಪ್ಪಿನ ಸಂಕೇತ ಏರಿಳಿಯುತ್ತದೆ. ಅಲೆ ಬಂದು ಹೋಗುವ ಅಂಚಿಗಿಂತ ಪೂರ್ತಿ ಮುಳುಗಿದ ಜಾಗದಲ್ಲಿ ಯಂತ್ರ ಶಾಂತವಾಗಿರುವುದಕ್ಕೂ ಇದೇ ಕಾರಣ.

ಗೋವೆಯ ತೀರಗಳೆಲ್ಲ ಒಂದೇ ಬಗೆಯವಲ್ಲ. ಕೋಲ್ವಾದಿಂದ ದಕ್ಷಿಣಕ್ಕೆ ಉದ್ದಕ್ಕೆ ಚಾಚಿದ ಬಿಳಿ ಮರಳು ಯಂತ್ರಕ್ಕೆ ಸುಲಭ. ಅಂಜುಣ, ವಗಾತೋರ್‌ಗಳಂತೆ ಕೆಂಪುಕಲ್ಲಿನ ಗುಡ್ಡ ಕಡಲಿಗೆ ಇಳಿಯುವಲ್ಲಿ ಕಬ್ಬಿಣದ ಅಂಶ ಹೆಚ್ಚು. ಅಲ್ಲಿ ಗ್ರೌಂಡ್ ಬ್ಯಾಲೆನ್ಸ್, ಅಂದರೆ ಯಂತ್ರವನ್ನು ಆಯಾ ನೆಲಕ್ಕೆ ಹೊಂದಿಸುವ ಕೆಲಸ, ಮತ್ತೆ ಮತ್ತೆ ಮಾಡಬೇಕು, ಏಕ ಆವರ್ತನದ ಯಂತ್ರಗಳು ಉಪ್ಪು ಮತ್ತು ಕಬ್ಬಿಣ ಎರಡಕ್ಕೂ ಒಟ್ಟಿಗೆ ಹೊಂದಿಕೊಳ್ಳಲಾರದೆ ಸೋಲುತ್ತವೆ. ಇನ್ನೂ ಉತ್ತರಕ್ಕೆ ರತ್ನಾಗಿರಿಯ ಕಡೆ ಇಲ್ಮೆನೈಟ್ ಎಂಬ ಕಬ್ಬಿಣದಂಶದ ಖನಿಜ ತುಂಬಿದ ಕರಿಮರಳಿನ ತೀರಗಳಿವೆ, ಪಲ್ಸ್ ಯಂತ್ರಕ್ಕೆ ನಿಜವಾದ ಕಾರಣ ಸಿಗುವುದು ಅಂಥಲ್ಲಿ. ಮುಂಬಯಿಯಲ್ಲಿರುವ ನಮ್ಮವರ ಸ್ಥಿತಿ ತುಸು ಬೇರೆ: ಗೋವೆಯಲ್ಲಿ ದೊಡ್ಡ ಉಬ್ಬರ ಇಳಿತಗಳ ಅಂತರ ಸುಮಾರು 2 ಮೀಟರ್ ಇದ್ದರೆ ಮುಂಬಯಿಯಲ್ಲಿ ಅದು 4 ಮೀಟರ್ ದಾಟುತ್ತದೆ. ಜುಹು ಅಥವಾ ಗಿರಗಾಂವ್ ಚೌಪಾಟಿಯಲ್ಲಿ ಇಳಿತದ ಹೊತ್ತಿಗೆ ತೆರೆದುಕೊಳ್ಳುವ ಒದ್ದೆ ಬಯಲು ಅಷ್ಟು ಅಗಲವಾಗಿರುವುದರಿಂದ ನೀರಿಗೆ ಇಳಿಯದೆಯೇ ಹುಡುಕಬಹುದು. ಮುಳುಗುವ ಆಳ ಅಲ್ಲಿ ನಗಣ್ಯ, ಉಪ್ಪಿನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಸಿಹಿನೀರಿನ ಬಗ್ಗೆ ಒಂದು ಮಾತು. ಮಾಂಡವಿ, ಝುವಾರಿಗಳನ್ನು ನದಿಗಳೆಂದು ತಿಳಿದು ಎತ್ತರದ ಆವರ್ತನದ ಯಂತ್ರ ಒಯ್ಯುವವರಿದ್ದಾರೆ. ಬೇಸಿಗೆಯಲ್ಲಿ ಉಬ್ಬರದ ಉಪ್ಪುನೀರು ಈ ನದಿಗಳಲ್ಲಿ ಬಹಳ ದೂರ ಒಳಕ್ಕೆ ಬರುತ್ತದೆ; ಪಣಜಿಯ ದಡದಲ್ಲಿ ನಿಂತವರು ಯಂತ್ರದ ಲೆಕ್ಕದಲ್ಲಿ ಕಡಲಿನಲ್ಲೇ ನಿಂತಂತೆ. ಗದಗದ ಕಡೆಯವರು ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಚಿನ್ನ ತೊಳೆಯುತ್ತಿದ್ದುದನ್ನು ನೆನಪಿಸಿ ಅಲ್ಲಿಗೆ ಯಂತ್ರ ನಡೆಯುವುದೇ ಎಂದು ಕೇಳುವುದುಂಟು. ಪುಡಿಯಾಗಿ ಹರಡಿದ ಚಿನ್ನವನ್ನು ಯಾವ ಡಿಟೆಕ್ಟರೂ ಕಾಣುವುದಿಲ್ಲ, ಅದು ಮರಿಗೆಯಲ್ಲಿ ತೊಳೆದೇ ಸಿಗಬೇಕಾದದ್ದು; ಆ ಗುಡ್ಡವಂತೂ ಈಗ ವನ್ಯಜೀವಿಧಾಮ.

ಕೊಳ್ಳುವ ಮುನ್ನ

ಅಂಗಡಿಯ ಮೇಜಿನ ಮೇಲೆ ಉಂಗುರ ಆಡಿಸಿ ತೋರಿಸುವ ಪರೀಕ್ಷೆಗೆ ಬೆಲೆಯಿಲ್ಲ, ಏಕೆಂದರೆ ಅಲ್ಲಿ ಉಪ್ಪಿಲ್ಲ. ಸಾಧ್ಯವಾದರೆ ಯಂತ್ರವಿರುವವರೊಡನೆ ಇಳಿತದ ಹೊತ್ತಿನಲ್ಲಿ ತೀರಕ್ಕೆ ಹೋಗಿ, ಒಂದು ಹಳೆಯ ತಿರುಪನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಉದ್ದನೆಯ ನೈಲಾನ್ ದಾರ ಕಟ್ಟಿ, ಒಣ ಮರಳಿನಲ್ಲಿ, ಒದ್ದೆ ಇಳಿಜಾರಿನಲ್ಲಿ, ಅಲೆ ತಲುಪುವ ಅಂಚಿನಲ್ಲಿ ಎರಡು ಇಂಚು ಮತ್ತು ನಾಲ್ಕು ಇಂಚು ಆಳಕ್ಕೆ ಹೂತು ನೋಡಬೇಕು. ತಿರುಪಿಲ್ಲದ ಜಾಗದಲ್ಲಿ ಯಂತ್ರ ಎಷ್ಟು ಸುಳ್ಳು ಸದ್ದು ಮಾಡುತ್ತದೆ ಎಂಬುದು, ತಿರುಪಿನ ಮೇಲೆ ಎಷ್ಟು ನಿಜ ಸದ್ದು ಮಾಡುತ್ತದೆ ಎಂಬಷ್ಟೇ ಮುಖ್ಯ. ಎರಡೂ ದಿಕ್ಕಿನಿಂದ ಬೀಸಿದಾಗ ಒಂದೇ ಜಾಗದಲ್ಲಿ ಮರುಕಳಿಸುವ ಸದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಜರಡಿ ಸಲಿಕೆಯ ರಂಧ್ರಗಳನ್ನೂ ಅದೇ ಹೊತ್ತಿನಲ್ಲಿ ನೋಡಿಕೊಳ್ಳಿ. ಉಂಗುರ, ನಾಣ್ಯಗಳಿಗೆ ಮಾಡಿದ ಸಲಿಕೆಯ ದೊಡ್ಡ ರಂಧ್ರದಿಂದ ಮೂಗುಬೊಟ್ಟು ಮರಳಿನೊಂದಿಗೇ ಜಾರಿಹೋಗುತ್ತದೆ. ಕಷ್ಟಪಟ್ಟು ಕಂಡುಕೊಂಡದ್ದನ್ನು ಕೈಯಿಂದಲೇ ಸಮುದ್ರಕ್ಕೆ ಹಿಂತಿರುಗಿಸಿದಂತೆ. ನೀರು ತಡೆಯುವ ಪಿನ್‌ಪಾಯಿಂಟರ್, ಅಂದರೆ ಅಗೆದ ಜಾಗದಲ್ಲಿ ವಸ್ತು ಇರುವ ಬಿಂದುವನ್ನು ತೋರಿಸುವ ಕೈಯಳತೆಯ ಕಡ್ಡಿ, ಇಲ್ಲದೆ ಚಿಕ್ಕ ಚಿನ್ನದ ಕೆಲಸ ಮುಗಿಯುವುದಿಲ್ಲ. ಅದರಲ್ಲೂ ಉಪ್ಪಿನ ಪ್ರಶ್ನೆ ಇದ್ದೇ ಇದೆ. ಪಲ್ಸ್ ತಂತ್ರದ ನೋಕ್ಟಾ ಪಲ್ಸ್‌ಡೈವ್ ಒದ್ದೆ ಮರಳಿನಲ್ಲಿ ಸುಳ್ಳು ಹೇಳುವುದು ಕಡಿಮೆ.

ಎಲ್ಲಿ ಹುಡುಕಬಾರದು ಎಂಬುದು ಯಂತ್ರದ ಆಯ್ಕೆಯಷ್ಟೇ ಗಂಭೀರ ವಿಚಾರ. ಮೊರ್ಜಿ, ಆಗೊಂದ, ಗಾಲ್ಜಿಬಾಗ ತೀರಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುತ್ತವೆ. ಅಲ್ಲಿ ಮರಳು ಅಗೆಯುವುದು ಸಲ್ಲದು. ಹಳೆ ಗೋವೆಯ ಚರ್ಚುಗಳ ಸುತ್ತ, ಅಗ್ವಾದ ಕೋಟೆಯ ಸುತ್ತ ಪುರಾತತ್ವ ಇಲಾಖೆಯ ರಕ್ಷಿತ ವಲಯವಿದೆ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಅಡಗಿದ್ದ, 10 ರೂಪಾಯಿಗಿಂತ ಹೆಚ್ಚಿನ ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕು. ಮೊನ್ನೆ ಯಾರೋ ಕಳೆದುಕೊಂಡ ಒಡವೆಯನ್ನು ಒಡೆಯರನ್ನು ಹುಡುಕದೆ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮಿನಡಿ ಅಪರಾಧವಾಗಬಹುದು. ಸಿಕ್ಕ ಜಾಗ, ಹೊತ್ತು, ಫೋಟೊ ಇಟ್ಟುಕೊಂಡು ಹತ್ತಿರದ ಪೊಲೀಸ್ ಠಾಣೆಗೆ ತಿಳಿಸುವುದು ಕ್ಷೇಮ. ಮಳೆಗಾಲದಲ್ಲಿ ಕಡಲು ತೀರದ ಮರಳನ್ನು ಎಳೆದೊಯ್ದು ಹಳೆಯ ಪದರಗಳನ್ನು ಬಿಚ್ಚಿಡುತ್ತದೆ ಎಂಬ ಆಸೆಗೆ ಜೂನ್ ಮತ್ತು ಸೆಪ್ಟೆಂಬರ್ ನಡುವೆ ನೀರಿಗೆ ಇಳಿಯುವವರಿದ್ದಾರೆ. ಜೀವರಕ್ಷಕರು ಕೆಂಪು ಬಾವುಟ ನೆಟ್ಟ ಮೇಲೆ 5 ಮೀಟರ್ ಮುಳುಗುವ ಯಂತ್ರವಿದ್ದರೂ ದಡದಲ್ಲೇ ಇರತಕ್ಕದ್ದು.

ಹಣ ಕೊಡುವಾಗ ವಾರಂಟಿಯನ್ನು ಭಾರತದಲ್ಲಿ ಯಾರು ನಿಭಾಯಿಸುತ್ತಾರೆ ಎಂಬುದನ್ನು ಲಿಖಿತವಾಗಿ ಕೇಳಿಕೊಳ್ಳಬೇಕು. ವಿದೇಶದಿಂದ ತರಿಸಿದ ಯಂತ್ರದೊಳಗೆ ನೀರು ನುಗ್ಗಿದರೆ ಅದನ್ನು ಹಿಂದಕ್ಕೆ ಕಳುಹಿಸುವ ಖರ್ಚು ಮತ್ತು ಸುಂಕ ಸೇರಿ ಉಳಿಸಿದ ಹಣವನ್ನು ಮೀರಬಹುದು. ಬಳಸಿದ ಯಂತ್ರವನ್ನು ಕೊಳ್ಳುವವರು ಚಾರ್ಜಿಂಗ್ ಬಿಂದುಗಳ ಮೇಲೆ ಹಸಿರು ಕಿಲುಬು ಇದೆಯೇ, ಪರದೆಯೊಳಗೆ ಮಂಜು ಕಟ್ಟಿದೆಯೇ, ರಬ್ಬರ್ ಸೀಲಿನಲ್ಲಿ ಮರಳು ಸಿಕ್ಕಿದೆಯೇ, ಕಾಯಿಲಿನ ತಂತಿಯ ಬುಡ ಬಿರಿದಿದೆಯೇ ಎಂದು ಬೆಳಕಿನಲ್ಲಿ ಪರಿಶೀಲಿಸಬೇಕು. ಹೊಸದಾದರೂ ಹಳೆಯದಾದರೂ ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿದ ಮೇಲೆಯೇ ಚಾರ್ಜಿಗೆ ಇಡಬೇಕು; ಒದ್ದೆಯಾದ ಬಿಂದುಗಳಿಗೆ ಚಾರ್ಜರ್ ಹಚ್ಚಿದರೆ ಉಪ್ಪು ಅವನ್ನು ಬಹುಬೇಗ ತಿಂದುಹಾಕುತ್ತದೆ.